ಪೇಟ ವಾಪಸ್ ಕೇಳಿದವರಿಗೆ

ನಗರ ವ್ಯಸನಮುಕ್ತಿ ಅಭಿಯಾನ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮ್ಮ ಸಮಿತಿಯ ಮೈಸೂರು ಪೇಟ ಕ್ಷೇಮವಾಗಿದೆ. ಕಳೆದಿಲ್ಲ, ಹರಿದಿಲ್ಲ, ಯಾರೂ ಮಾರಿಕೊಂಡಿಲ್ಲ. ಆ ವಿಚಾರದಲ್ಲಿ ತಾವು ನಿದ್ದೆಗೆಡುವುದು ಬೇಡ. ಜರಿಯಂಚಿನ ಆ ಪೇಟವನ್ನು ಇಸಿದುಕೊಂಡು ಹೋಗಲು ಕಳೆದ ತಿಂಗಳು ತಮ್ಮ ಕಚೇರಿಯ ನೌಕರರೊಬ್ಬರು ಮಂಡಿ ಮೊಹಲ್ಲಾದ ಪುಟ್ಟಲಿಂಗಮ್ಮನ ಮನೆಗೆ ಬಂದಿದ್ದರು. ಪೇಟಗಳು ಬಾಡಿಗೆಯವಂತೆ, ಇಪ್ಪತ್ತರಲ್ಲಿ ಹತ್ತೊಂಬತ್ತು ವಾಪಸ್ ಬಂದಿವೆಯಂತೆ, ಇದೊಂದು ಬಾಕಿಯಂತೆ. ಅವತ್ತು ಆ ಮನೆಯಲ್ಲಿ ಪುಟ್ಟಲಿಂಗಮ್ಮನ ಮಗ ನಾಗೇಂದ್ರನ ಹನ್ನೊಂದನೆಯ ದಿನದ ಕಾರ್ಯ ನಡೆಯುತ್ತಿತ್ತು. ತಾವು ಯಾವ ತಲೆಯ ಮೇಲೆ ಆ ಪೇಟ ಇಟ್ಟಿರೋ ಆ ತಲೆ ಮಣ್ಣಿಗೆ ಹೋಗಿ ಹತ್ತು ದಿನವಾಗಿತ್ತು. ತಮ್ಮ ಸನ್ಮಾನವೇ ಅವನನ್ನು ಕೊಂದಿತು ಎಂಬುದು ನನ್ನ ದೂರು. ಅದರಲ್ಲಿ ನನ್ನ ಕೈಯೂ ಇದೆ. ಅದನ್ನು ಮುಚ್ಚಿಡದೆ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ, ಏಕೆಂದರೆ ಲಕೋಟೆಯಲ್ಲಿಟ್ಟು ಕೊಟ್ಟ ಮೂರು ಅರ್ಜಿಗಳನ್ನು ತಾವು ಓದಲಿಲ್ಲ.

ನಾನು ಮಂಡಿ ಮೊಹಲ್ಲಾದಲ್ಲಿ ಇಪ್ಪತ್ತೆಂಟು ವರ್ಷದಿಂದ ಔಷಧಿ ಅಂಗಡಿ ಇಟ್ಟುಕೊಂಡವನು. ನಾಗೇಂದ್ರ ವಿಜಯನಗರದ ಒಂದು ಶಾಲೆಗೆ ಮಕ್ಕಳ ವ್ಯಾನು ಓಡಿಸುತ್ತಿದ್ದ. ನಾಲ್ಕು ವರ್ಷದ ಹಿಂದೆ ಅವನ ಕಾಲು ಮುರಿದಾಗ ಡಾಕ್ಟರು ಹತ್ತು ದಿನಕ್ಕೆಂದು ಬಲವಾದ ನೋವಿನ ಮಾತ್ರೆ ಬರೆದುಕೊಟ್ಟಿದ್ದರು. ಹನ್ನೊಂದನೆಯ ದಿನ ಚೀಟಿಯಿಲ್ಲದೆ ಬಂದು ನಿಂತ. ನಮ್ಮ ಬೀದಿಯ ಹುಡುಗ, ಪಾಪ, ಕುಂಟುತ್ತಿದ್ದಾನೆ ಎಂದು ಒಂದು ಶೀಟು ಮಾತ್ರೆ ಕೊಟ್ಟೆ. ಆಮೇಲೆ ಇನ್ನೊಂದು, ಮತ್ತೊಂದು. ಕಾಲು ವಾಸಿಯಾದ ಮೇಲೂ ಬರುತ್ತಲೇ ಇದ್ದಾನಲ್ಲ ಎಂಬುದು ನನ್ನ ಮಂದಬುದ್ಧಿಗೆ ಹೊಳೆಯಲು ಐದು ತಿಂಗಳು ಬೇಕಾಯಿತು. ನಾನು ಕೊಡುವುದನ್ನು ನಿಲ್ಲಿಸಿದೆ. ಗೋಡೌನಿನ ಸಂದಿಯಲ್ಲಿ ಕದ್ದು ಮಾರುವವರು ಅವನಿಗೆ ಸಿಕ್ಕರು. ನುಂಗುತ್ತಿದ್ದವನು ಸೂಜಿಗೆ ಹೋದ. ಆದ್ದರಿಂದ ಮಾನ್ಯರೇ, ನಾನು ಸಮಾಜಸೇವೆಗೆ ಇಳಿದದ್ದು ಪುಣ್ಯ ಸಂಪಾದನೆಗಲ್ಲ. ಮಾಡಿದ್ದನ್ನು ಒರೆಸಲು.

ಚಟ ಬಿಡುವವರ ನಮ್ಮ ಬಳಗ ಹೇಗೆ ನಡೆಯುತ್ತಿತ್ತೆಂದು ತಮಗೆ ಹೇಳಬೇಕು, ಏಕೆಂದರೆ ಅದನ್ನು ವೇದಿಕೆ ಹತ್ತಿಸಿದ ತಾವು ಅದು ಏನೆಂದು ಕೊನೆಯವರೆಗೂ ಕೇಳಲಿಲ್ಲ. ಈ ಚಟ ಬಿಡಿಸಲು ಸರ್ಕಾರಿ ಆಸ್ಪತ್ರೆಯ ಒಂದು ಕೌಂಟರಿನಲ್ಲಿ ಮಾತ್ರೆ ಕೊಡುತ್ತಾರೆ. ದಿನವೂ ಹೋಗಬೇಕು, ನರ್ಸಿನ ಎದುರೇ ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು, ಕರಗುವ ತನಕ ಅಲ್ಲೇ ಕೂರಬೇಕು. ಅದು ಮೈಯ ನಡುಕವನ್ನು ತಡೆಯುತ್ತದೆ, ಮನುಷ್ಯ ಕೆಲಸಕ್ಕೆ ಹೋಗುತ್ತಾನೆ, ಹೆಂಡತಿಯ ಓಲೆ ಅವಳ ಕಿವಿಯಲ್ಲೇ ಉಳಿಯುತ್ತದೆ. ಕಷ್ಟವೇನೆಂದರೆ ನಮ್ಮ ಬೀದಿಯಿಂದ ಆ ಕೌಂಟರಿಗೆ ಹೋಗುವ ಇಪ್ಪತ್ತು ನಿಮಿಷದ ದಾರಿಯಲ್ಲಿ ಆ ಗೋಡೌನಿನ ಸಂದಿಯೂ ಇದೆ. ಒಬ್ಬನೇ ಹೋದವನು ಅದನ್ನು ದಾಟುವುದಿಲ್ಲ. ಹಾಗಾಗಿ ಜೊತೆಯಾಗಿ ನಡೆಯುವುದೆಂದು ಮಾಡಿಕೊಂಡೆವು. ಬೆಳಿಗ್ಗೆ ಏಳಕ್ಕೆ ನನ್ನ ಅಂಗಡಿಯ ಪಕ್ಕದ ಮಂಚಮ್ಮನ ಟೀ ಅಂಗಡಿಯಲ್ಲಿ ಸೇರುವುದು, ಟೀ ಕುಡಿದು ಹೊರಡುವುದು. ನಾಗೇಂದ್ರ ಮಾತ್ರ ಮಕ್ಕಳನ್ನು ಶಾಲೆಗೆ ಬಿಟ್ಟು ಒಂಬತ್ತಕ್ಕೆ ಕೌಂಟರಿಗೆ ಬರುತ್ತಿದ್ದ, ಆದರೆ ವ್ಯಾನು ತೆಗೆಯುವ ಮುಂಚೆ ಟೀಗೆ ತಪ್ಪುತ್ತಿರಲಿಲ್ಲ. ಇಬ್ಬರಿಂದ ಶುರುವಾದದ್ದು ಹತ್ತೊಂಬತ್ತು ಜನವಾಯಿತು.

ಹಾಜರಿ ಪುಸ್ತಕ ನಮ್ಮಲ್ಲಿರಲಿಲ್ಲ. ಮಂಚಮ್ಮ ಕಟ್ಟೆಯ ಮೇಲೆ ನನ್ನದೂ ಸೇರಿ ಇಪ್ಪತ್ತು ಲೋಟ ಇಡುತ್ತಿದ್ದಳು. ಎಲ್ಲರೂ ಎತ್ತಿಕೊಂಡ ಮೇಲೆ ಒಂದು ಲೋಟ ಉಳಿದರೆ ಆ ಲೋಟದವನ ಮನೆಗೆ ಯಾರಾದರೂ ಹೋಗಲೇಬೇಕು. ಅದು ಬಳಗದ ಏಕೈಕ ಕಾನೂನು. ಹೋಗಿ ಬುದ್ಧಿ ಹೇಳುವಂತಿಲ್ಲ, ಬೈಯುವಂತಿಲ್ಲ, ‘ಟೀ ಆರ್ತದೆ, ಬಾ’ ಎಂದಷ್ಟೇ ಹೇಳಿ ಬಾಗಿಲಲ್ಲಿ ನಿಂತುಕೊಳ್ಳಬೇಕು. ನಾಗೇಂದ್ರನ ಬಾಗಿಲಲ್ಲಿ ನಾನು ಒಮ್ಮೆ ಒಂದೂವರೆ ಗಂಟೆ ನಿಂತಿದ್ದೇನೆ. ಬೀದಿಯವರು ನಮ್ಮನ್ನು ಕಂಡಾಗ ‘ವಾಕಿಂಗಾ?’ ಅನ್ನುತ್ತಿದ್ದರು, ನಾವು ‘ಹೂಂ, ವಾಕಿಂಗು’ ಅನ್ನುತ್ತಿದ್ದೆವು. ಯಾವ ವಾಕಿಂಗೆಂದು ಅಕ್ಕಿ ಮಂಡಿಯವರಿಗೂ ಗೊತ್ತಿತ್ತು, ಮಸೀದಿ ಪಕ್ಕದ ಬೆಸುಗೆ ಅಂಗಡಿಯವರಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ಒಂದು ದೊಡ್ಡ ವಿದ್ಯೆ. ಓದು ಬರಹ ಕಡಿಮೆಯಿರುವ ನಮ್ಮ ಬೀದಿಗೆ ಅದು ಬರುತ್ತದೆ. ಅದೇ ಆಶ್ರಯದಲ್ಲಿ ನಾಗೇಂದ್ರ ಹದಿನಾಲ್ಕು ತಿಂಗಳು ಸೂಜಿ ಮುಟ್ಟದೆ ಬದುಕಿದ.

ನಾವು ತಮಗೆ ಬರೆದ ಅರ್ಜಿಯಲ್ಲಿ ಕೇಳಿದ್ದು ಬಹಳವಿರಲಿಲ್ಲ. ನಮ್ಮ ಮೊಹಲ್ಲಾದಲ್ಲೇ ಒಂದು ಕೌಂಟರು ತೆರೆಸಿಕೊಡಿ ಎಂದಿದ್ದೆವು. ಮತ್ತಿನ ಮದ್ದು ಹೆಚ್ಚಾಗಿ ಉಸಿರು ನಿಂತವರನ್ನು ಎಬ್ಬಿಸುವ ಇಂಜೆಕ್ಷನ್ ಒಂದಿದೆ, ಅದನ್ನು ಬೀದಿಯಲ್ಲಿ ಇಟ್ಟುಕೊಳ್ಳಲು ಅನುಮತಿ, ಬಳಸಲು ತರಬೇತಿ ಕೊಡಿಸಿ ಎಂದಿದ್ದೆವು. ಮೂರು ಅರ್ಜಿಗೂ ಉತ್ತರವಿಲ್ಲ. ನಾಲ್ಕನೆಯ ಸಲ ನಾನೇ ಕಚೇರಿಗೆ ಬಂದಾಗ ತಾವು ಎದ್ದು ಕೈಕುಲುಕಿದಿರಿ. ಆ ಇಂಜೆಕ್ಷನ್ ಇಟ್ಟರೆ ಚಟದವರಿಗೆ ಹಾಸಿಗೆ ಹಾಸಿಕೊಟ್ಟಂತೆ, ಧೈರ್ಯ ಬಂದುಬಿಡುತ್ತದೆ ಎಂದಿರಿ. ಕೌಂಟರಿನ ಮಾತು ಆಮೇಲೆ ನೋಡೋಣ, ಮೊದಲು ಜೂನ್ ಇಪ್ಪತ್ತಾರರ ಜಾಗೃತಿ ದಿನಕ್ಕೆ ಚಟ ಗೆದ್ದವರನ್ನು ಸನ್ಮಾನಿಸೋಣ, ಹೆಸರು, ವಿಳಾಸ, ಉದ್ಯೋಗ, ಫೋಟೋ ಸಮೇತ ಪಟ್ಟಿ ಕೊಡಿ ಎಂದಿರಿ. ಪಟ್ಟಿ ಬಂದರೆ ಕಡತ ಓಡುತ್ತದೆ ಎಂದೂ ಹೇಳಿದಿರಿ.

ಪಟ್ಟಿ ಕೊಟ್ಟವನು ನಾನು. ಕೌಂಟರಿನ ಆಸೆಗೆ ಕೊಟ್ಟೆ ಎಂದು ಮನೆಯಲ್ಲಿ ಹೇಳಿಕೊಳ್ಳುತ್ತೇನೆ. ಅರ್ಧ ನಿಜ. ಆಮಂತ್ರಣ ಪತ್ರಿಕೆಯ ಕರಡಿನಲ್ಲಿ ನನ್ನ ಹೆಸರಿನ ಮುಂದೆ ‘ಹಿರಿಯ ಸಮಾಜಸೇವಕರು’ ಎಂದು ಅಚ್ಚಾಗಿದ್ದನ್ನು ತಾವು ತೋರಿಸಿದಿರಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನಾನು ಹಗಲಲ್ಲೇ ಹಿಡಿದೆ. ಹೊಸ ಪಂಚೆ ಕೊಂಡೆ. ಹತ್ತೊಂಬತ್ತು ಹೆಸರುಗಳನ್ನು ದುಂಡಗೆ ಬರೆದೆ. ಉಳಿದವರು ನನ್ನ ಮುಖ ನೋಡಿ ಒಪ್ಪಿದರು. ನಾಗೇಂದ್ರ ಮಾತ್ರ ಕೇಳಿದ.

‘ಫೋಟೋ ಪೇಪರ್‌ಗೆ ಹಾಕ್ತಾರಾ ಅಣ್ಣ?’

‘ಹಾಕಿದ್ರೆ ಏನಂತೆ, ಕಳ್ಳತನ ಮಾಡಿದ್ಯಾ?’

‘ಅಂಗಲ್ಲ ಅಣ್ಣ. ವ್ಯಾನ್‌ನೋರ್ಗೆ ಗೊತ್ತಿಲ್ಲ.’

ಗೊತ್ತಾದರೆ ಹೆಮ್ಮೆ ಪಡುತ್ತಾರೆ ಎಂದೆ. ಇಪ್ಪತ್ತೆಂಟು ವರ್ಷ ಜನರ ಗುಟ್ಟಿನ ರೋಗಗಳಿಗೆ ಔಷಧಿಯನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟ ನಾನೇ ಅದನ್ನು ಹೇಳಿದ್ದು. ಅವನ ಹೆಂಡತಿ, ಪ್ರೀತಿ ಎಂದು ಹೆಸರು, ಹೋಗುವುದೇ ಬೇಡವೆಂದಳಂತೆ. ನನ್ನ ಮಾತು ಮೀರಬಾರದೆಂದು ಅವನು ಬಂದ.

ಆ ಸಮಾರಂಭದ ವರದಿ ತಮ್ಮ ಕಡತದಲ್ಲಿ ‘ಅಭೂತಪೂರ್ವ ಯಶಸ್ಸು’ ಎಂದಿರುತ್ತದೆ. ನನ್ನ ವರದಿಯನ್ನೂ ಅದರ ಜೊತೆ ಲಗತ್ತಿಸಿಕೊಳ್ಳಿ. ಹತ್ತು ಗಂಟೆಗೆಂದು ಕರೆದು ಎಂಟಕ್ಕೇ ಬಂದು ಕೂರಬೇಕೆಂದು ತಮ್ಮವರು ಕಟ್ಟುನಿಟ್ಟು ಮಾಡಿದರು. ತಾವು ಬಂದದ್ದು ಹನ್ನೆರಡೂವರೆಗೆ. ಮಾತ್ರೆಯ ಕೌಂಟರು ಹನ್ನೊಂದಕ್ಕೆ ಮುಚ್ಚುತ್ತದೆ. ವ್ಯಸನಮುಕ್ತಿಯ ದಿನದಂದೇ ಹತ್ತೊಂಬತ್ತು ಜನರ ಔಷಧಿ ತಪ್ಪಿಸಿದ ಕೀರ್ತಿ ಬೇರೆ ಯಾವ ನಗರದ ಸಮಿತಿಗೂ ಇರಲಾರದು. ವೇದಿಕೆಯ ಮೇಲೆ ಪೇಟ ಇಟ್ಟುಕೊಂಡು ಅವರು ಬೆವರುತ್ತಿದ್ದರು, ಕೈ ನಡುಗುತ್ತಿತ್ತು, ಒಬ್ಬರಾದ ಮೇಲೆ ಒಬ್ಬರು ಆಕಳಿಸುತ್ತಿದ್ದರು. ತಾವು ಮೈಕಿನಲ್ಲಿ ‘ಪಾಪ, ಇಷ್ಟು ಜನರನ್ನು ಕಂಡು ಹೆದರಿದ್ದಾರೆ’ ಎಂದಿರಿ, ಸಭೆ ನಕ್ಕಿತು. ಆಕಳಿಕೆ ಆ ಕಾಯಿಲೆಯ ಲಕ್ಷಣ, ಮಾನ್ಯರೇ. ತಮ್ಮ ಭಾಷಣವೂ ಒಂದು ಕಾರಣವಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆಮೇಲೆ ಬಂತು ತಮ್ಮ ಉಪದೇಶ. ಒಂದು ಮಾತ್ರೆ ಬಿಟ್ಟು ಇನ್ನೊಂದು ಮಾತ್ರೆಗೆ ಸಾಲು ನಿಲ್ಲುವುದು ಮುಕ್ತಿಯಲ್ಲ, ಈ ಸಾಧಕರು ಇನ್ನು ಮುಂದೆ ಮನೋಬಲವೊಂದರಿಂದಲೇ ನಡೆಯುತ್ತಾರೆ ಎಂದು ಅವರ ಪರವಾಗಿ ತಾವೇ ಸಭೆಗೆ ಮಾತು ಕೊಟ್ಟಿರಿ. ಅದಕ್ಕೆ ಐದು ನಿಮಿಷ ಮುಂಚೆ ತಮ್ಮ ಸಹಾಯಕರು ಚೀಲದಿಂದ ತೆಗೆದುಕೊಟ್ಟ ಬಿ.ಪಿ. ಮಾತ್ರೆಯನ್ನು ತಾವು ನುಂಗಿದ್ದನ್ನು ನಾನು ಪಕ್ಕದ ಕುರ್ಚಿಯಿಂದ ನೋಡಿದೆ. ಮಾತ್ರೆಯ ಬಣ್ಣ ನೋಡಿದರೆ ಹೆಸರು ಹೇಳಬಲ್ಲೆ, ನನ್ನ ಕಸುಬು ಅದು. ಮನೋಬಲದಿಂದ ರಕ್ತದೊತ್ತಡ ಇಳಿಸಿಕೊಳ್ಳಲು ತಮಗೆ ಯಾರು ಅಡ್ಡ ಬಂದಿದ್ದರು? ಆಗಲೇ ನಾನು ಎದ್ದು ಮೈಕು ಕಿತ್ತುಕೊಳ್ಳಬೇಕಿತ್ತು. ತಲೆಯ ಮೇಲಿನ ಪೇಟ ಜಾರೀತೆಂದು ಕತ್ತು ನೆಟ್ಟಗೆ ಇಟ್ಟುಕೊಂಡು ಕೂತಿದ್ದೆ.

ಎರಡು ದಿನದಲ್ಲಿ ಫ್ಲೆಕ್ಸುಗಳು ಎದ್ದವು. ಹತ್ತೊಂಬತ್ತು ಮುಖಗಳೂ ಸಣ್ಣದಾಗಿ ಕೆಳಗೆ, ಮಧ್ಯೆ ದೊಡ್ಡದಾಗಿ ತಾವು ಮತ್ತು ನಾಗೇಂದ್ರ. ಅವನ ನಗು ಚೆನ್ನಾಗಿ ಬಂದಿತ್ತೆಂದು ಫೋಟೋದವರು ಆರಿಸಿದರಂತೆ. ಅವನ ಭುಜದ ಮೇಲೆ ತಮ್ಮ ಕೈ. ಕೆಳಗೆ: ‘ಮಾದಕ ವ್ಯಸನ ಗೆದ್ದ ಸಾಧಕ ನಾಗೇಂದ್ರ, ಶಾಲಾ ವಾಹನ ಚಾಲಕ, ಮಂಡಿ ಮೊಹಲ್ಲಾ.’ ಊರಿನ ನಾಲ್ಕು ಕಡೆ ಕಟ್ಟಿದಿರಿ. ಅದರಲ್ಲಿ ಒಂದು ವಿಜಯನಗರದಲ್ಲಿ, ಅವನ ವ್ಯಾನು ದಿನಕ್ಕೆ ಎರಡು ಸಲ ತಿರುಗುವ ಸರ್ಕಲ್ಲಿನಲ್ಲಿ. ವ್ಯಾನಿನ ಒಳಗಿನ ಮಕ್ಕಳು ‘ಅಂಕಲ್, ನಿಮ್ ಫೋಟೋ!’ ಎಂದು ಕುಣಿದರಂತೆ. ಮನೆಗೆ ಹೋಗಿ ಅಮ್ಮಂದಿರಿಗೂ ಹೇಳಿದರು.

ಆ ಅಮ್ಮಂದಿರನ್ನು ನಾನು ಬೈಯಲಾರೆ. ಎದೆ ಮುಟ್ಟಿಕೊಂಡು ಹೇಳಿ, ತಮ್ಮ ಮೊಮ್ಮಗುವನ್ನು ಆ ವ್ಯಾನಿಗೆ ಹತ್ತಿಸುತ್ತಿದ್ದಿರಾ? ತಾವು ಅಪ್ಪಿಕೊಂಡು ಫೋಟೋ ತೆಗೆಸಿಕೊಂಡ ಸಾಧಕನೇ ಅಲ್ಲವೇ? ಐದನೆಯ ದಿನ ವ್ಯಾನಿನ ಮಾಲೀಕ ಬೀಗದ ಕೈ ಇಸಿದುಕೊಂಡ. ಅವನೂ ಒಳ್ಳೆಯ ಮಾತಿನಲ್ಲೇ ಹೇಳಿದನಂತೆ: ನೀನು ಬಿಟ್ಟಿದ್ದೀಯ ಅಂತ ನಂಗೊತ್ತು, ಆದ್ರೆ ಹಿಡ್ದಿದ್ದೆ ಅಂತ ಈಗ ಊರಿಗೇ ಗೊತ್ತಾಗಿದೆ. ಉಳಿದವರ ಕಥೆಯೂ ಹೆಚ್ಚುಕಡಿಮೆ ಅಷ್ಟೇ. ಒಬ್ಬನ ನಿಶ್ಚಿತಾರ್ಥ ಮುರಿಯಿತು, ಒಬ್ಬನನ್ನು ಬಾಡಿಗೆ ಮನೆಯಿಂದ ಎಬ್ಬಿಸಿದರು. ಒಂದು ವಾರದೊಳಗೆ ಮಂಚಮ್ಮನ ಕಟ್ಟೆಗೆ ಬರುವವರು ಮೂರು ಜನ ಉಳಿದರು. ಬೀದಿಯಲ್ಲಿ ಹೋಗುವವರು ಈಗ ‘ವಾಕಿಂಗಾ?’ ಎಂದು ಕೇಳುತ್ತಿರಲಿಲ್ಲ, ಏಕೆಂದರೆ ಗೊತ್ತಿಲ್ಲದಂತೆ ಇರಲು ಅವರಿಗೆ ತಾವು ದಾರಿಯನ್ನೇ ಉಳಿಸಿರಲಿಲ್ಲ.

ನಾಗೇಂದ್ರ ಕೌಂಟರಿಗೂ ಹೋಗುವುದನ್ನು ನಿಲ್ಲಿಸಿದ. ನಾನು ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಅವನು ಒಳಗಿಂದಲೇ ಹೇಳಿದ್ದನ್ನು ಒಂದಕ್ಷರ ಬಿಡದೆ ತಮಗೆ ಒಪ್ಪಿಸುತ್ತೇನೆ.

‘ವಾಸಿಯಾಗೋಯ್ತು ಅಂತ ಬೋರ್ಡ್ ಹಾಕ್ಬುಟ್ಟವ್ರೆ ಕಣಣ್ಣ. ಇನ್ನ ಮಾತ್ರೆಗೆ ಕ್ಯೂ ನಿಂತ್ರೆ ನನ್ನ ಏನಂತಾರೆ?’

ಇದಕ್ಕೆ ತಮ್ಮ ಬಳಿ ಉತ್ತರವಿದ್ದರೆ ಕಳಿಸಿಕೊಡಿ. ಗೆದ್ದವನೆಂದು ಪೇಟ ಇಟ್ಟ ಮೇಲೆ ಅವನು ರೋಗಿಯಾಗಿ ಸಾಲಿನಲ್ಲಿ ನಿಲ್ಲುವುದು ಹೇಗೆ? ನಿಲ್ಲದೆ ಗೆಲ್ಲುವುದು ಹೇಗೆ? ಎರಡು ವಾರ ಅವನು ಮನೋಬಲವೊಂದರಿಂದಲೇ ನಡೆದ. ತಾವು ಸಭೆಗೆ ಕೊಟ್ಟ ಮಾತನ್ನು ಅವನು ಉಳಿಸಿಕೊಟ್ಟ.

ಜುಲೈ ಹತ್ತೊಂಬತ್ತರ ಬೆಳಿಗ್ಗೆ ಎಂದಿನಂತೆ ಮಂಚಮ್ಮ ಇಪ್ಪತ್ತು ಲೋಟ ಇಟ್ಟಳು. ಅಷ್ಟು ಜನ ಬರುವುದಿಲ್ಲವಲ್ಲ, ಯಾಕೆ ಇಡುತ್ತೀಯ ಎಂದರೆ ಅವಳು ಇನ್ನೊಂದು ಲೋಟ ತೊಳೆದು ಸಾಲಿಗೆ ಸೇರಿಸುತ್ತಾಳೆ. ಹದಿನಾರು ಲೋಟ ಉಳಿದವು. ಒಂದು ಲೋಟ ಉಳಿದರೆ ಒಂದು ಮನೆಗೆ ಹೋಗಬಹುದು. ಹದಿನಾರು ಉಳಿದರೆ? ‘ಇವತ್ತು ಯಾರ ಮನೆಗೆ ಮೊದ್ಲು ಓಯ್ತೀರಿ ಸ್ವಾಮಿ?’ ಎಂದು ಮಂಚಮ್ಮ ಕೇಳಿದಳು. ಶ್ರೀರಾಂಪುರದಲ್ಲಿ ಒಬ್ಬನಿದ್ದ, ಅವನ ಸ್ಥಿತಿ ಕೆಟ್ಟಿದೆಯೆಂದು ಹಿಂದಿನ ದಿನ ಕೇಳಿದ್ದೆ. ಆಟೋ ಹಿಡಿದು ಅಲ್ಲಿಗೆ ಹೋದೆ. ಅವನು ಮಲಗಿದ್ದ, ಗಟ್ಟಿಮುಟ್ಟಾಗಿದ್ದ. ನಿಮ್ಮಿಂದಲೇ ಮಾನ ಹೋಯಿತೆಂದು ನನ್ನನ್ನು ಬೈದು ಬಾಗಿಲು ಹಾಕಿಕೊಂಡ. ಅಲ್ಲಿಂದ ನಾಗೇಂದ್ರನ ಮನೆಗೆ ಬರುವಾಗ ಒಂಬತ್ತೂ ಮುಕ್ಕಾಲು. ಪ್ರೀತಿ ಕೆಲಸಕ್ಕೆ ಹೋಗಿದ್ದಳು. ಪುಟ್ಟಲಿಂಗಮ್ಮ ಮಂಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗಿದ್ದಳು. ಬಾಗಿಲು ಸುಮ್ಮನೆ ಮುಂದಕ್ಕೆ ಹಾಕಿತ್ತು. ನಾನು ಕಾನೂನಿನ ಪ್ರಕಾರ ‘ಟೀ ಆರ್ತದೆ, ಬಾ’ ಎಂದೆ. ಎರಡು ಸಲ ಹೇಳಿದೆ. ಆಮೇಲೆ ತಳ್ಳಿ ಒಳಗೆ ಹೋದೆ.

ಅವನ ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಸೂಜಿಯಲ್ಲಿ ಹಳೆಯ ಅಳತೆಯನ್ನೇ ತೆಗೆದುಕೊಂಡಿದ್ದ. ಹದಿನಾಲ್ಕು ತಿಂಗಳು ಸುಧಾರಿಸಿಕೊಂಡ ಮೈಗೆ ಹಳೆಯ ಅಳತೆ ವಿಷವೆಂಬುದು ನನಗೆ ಗೊತ್ತಿತ್ತು. ಅವನಿಗೆ ಹೇಳಿರಲಿಲ್ಲ, ಮತ್ತೆ ಮುಟ್ಟುತ್ತಾನೆಂದು ನಾನು ಒಪ್ಪಿಕೊಂಡಂತಾಗುತ್ತದೆ ಎಂದು. ಆಸ್ಪತ್ರೆಯ ಡಾಕ್ಟರಮ್ಮ ಒಂದು ಗಂಟೆ ಮುಂಚೆ ಸಿಕ್ಕಿದ್ದರೆ, ಆ ಇಂಜೆಕ್ಷನ್ ಹತ್ತಿರ ಇದ್ದಿದ್ದರೆ ಉಳಿಯುತ್ತಿದ್ದನೇನೋ ಎಂದರು. ಆ ಒಂದು ಗಂಟೆ ನಾನು ಶ್ರೀರಾಂಪುರದಲ್ಲಿ ಬೈಸಿಕೊಳ್ಳುತ್ತಿದ್ದೆ. ಆ ಇಂಜೆಕ್ಷನ್ ತಮ್ಮ ಮೇಜಿನ ಮೇಲಿನ ಮೂರು ಅರ್ಜಿಗಳಲ್ಲಿತ್ತು. ಇಬ್ಬರೂ ಸೇರಿ ಒಬ್ಬನನ್ನು ಕಳಿಸಿಕೊಟ್ಟೆವು. ವ್ಯತ್ಯಾಸವೆಂದರೆ ನನಗೆ ಊಟ ಸೇರುತ್ತಿಲ್ಲ.

ಹನ್ನೊಂದನೆಯ ದಿನಕ್ಕೆ ಇಡಲು ಫೋಟೋ ಬೇಕಾಯಿತು. ಪುಟ್ಟಲಿಂಗಮ್ಮ ನನ್ನನ್ನು ಕರೆದು, ಸರ್ಕಲ್ಲಿನ ಫ್ಲೆಕ್ಸಿನಿಂದ ಮಗನನ್ನು ಕತ್ತರಿಸಿ ತಂದುಕೊಡಿ ಎಂದಳು. ನಾನು ಬೇಡವೆಂದೆ. ‘ನಗ್ತಾ ಇರೋ ಫೋಟೋ ಅವಂದು ಇನ್ನೊಂದಿಲ್ಲ ಸ್ವಾಮಿ’ ಎಂದಳು. ಏಣಿ ಹಾಕಿ ಬ್ಲೇಡಿನಲ್ಲಿ ಕತ್ತರಿಸಿದೆ. ಎಷ್ಟು ಜೋಪಾನ ಮಾಡಿದರೂ ಅವನ ಭುಜದ ಮೇಲೆ ತಮ್ಮ ನಾಲ್ಕು ಬೆರಳು ಉಳಿದುಹೋದವು, ಉಂಗುರದ ಸಮೇತ. ಅದಕ್ಕೇ ಹಾರ ಹಾಕಿ, ಅದಕ್ಕೇ ಊದುಬತ್ತಿ ಹಚ್ಚಿ, ಎಡೆ ಇಟ್ಟರು. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಅಂತಾರೆ. ತಾವು ಶೃಂಗಾರವನ್ನು ಮೊದಲೇ ಮುಗಿಸಿದ್ದಿರಿ. ಆ ಹೊತ್ತಿಗೆ ಸರಿಯಾಗಿ ತಮ್ಮ ನೌಕರರು ಪೇಟ ಕೇಳಿಕೊಂಡು ಬಂದರು. ಪಾಪ, ಫೋಟೋ ನೋಡಿ ಚಪ್ಪಲಿ ಬಿಟ್ಟು ಹಿಂದಕ್ಕೆ ಸರಿದರು. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ; ಸಾವು ಗೊತ್ತಿರಲಿಲ್ಲ ಎಂದರು, ಕಣ್ಣೂ ಒರೆಸಿಕೊಂಡರು. ಪುಟ್ಟಲಿಂಗಮ್ಮ ಪೇಟವನ್ನು ಮಡಿಲಿಂದ ಇಳಿಸಲಿಲ್ಲ.

‘ಕೊಡಕಿಲ್ಲ ಕಣಪ್ಪ. ಅವ್ನ ತಲೆಗಿಟ್ಟೋರು ಯಾರೋ, ಅವ್ರೇ ಬಂದು ಎತ್ಕೊಂಡೋಗ್ಲಿ.’

ನನ್ನ ಬೇಡಿಕೆಯೂ ಅದೇ. ಪೇಟ ತೆಗೆದುಕೊಂಡು ಹೋಗಲು ತಾವು ಖುದ್ದಾಗಿ ಬರಬೇಕು. ಫೋಟೋದವರಿಲ್ಲದೆ, ಹಾರವಿಲ್ಲದೆ, ಬೆಳಿಗ್ಗೆ ಏಳು ಗಂಟೆಗೆ. ಬರುವಾಗ ನಾನು ಬರೆದುಕೊಟ್ಟ ಪಟ್ಟಿಯನ್ನು, ಅದರ ನಕಲುಗಳನ್ನೆಲ್ಲ ತನ್ನಿ. ಮಂಚಮ್ಮನ ಒಲೆ ಉರಿಯುತ್ತಿರುತ್ತದೆ. ಉಳಿದ ಮೂರು ಫ್ಲೆಕ್ಸುಗಳನ್ನು ಇಳಿಸಿಕೊಂಡು ಬನ್ನಿ. ಕೌಂಟರಿಗೂ ಇಂಜೆಕ್ಷನ್ನಿಗೂ ಆದೇಶದ ಪತ್ರ ತರದೆ ಬರಬೇಡಿ. ಆಮೇಲೆ ಉಳಿದ ಮೂವರ ಜೊತೆ ಆಸ್ಪತ್ರೆಯ ತನಕ ನಡೆಯಿರಿ, ಇಪ್ಪತ್ತೇ ನಿಮಿಷ. ಗೋಡೌನಿನ ಸಂದಿ ಬಂದಾಗ ಅವರ ಎಡಕ್ಕೆ ನಡೆಯಬೇಕು, ಸಂದಿ ಕಾಣದಂತೆ. ನಾಗೇಂದ್ರ ಮುಂಚೆ, ವ್ಯಾನಿಗೆ ರಜೆಯಿದ್ದ ಭಾನುವಾರಗಳಲ್ಲಿ ಹಾಗೆ ನಡೆಯುತ್ತಿದ್ದ.

ಬರುವುದಿಲ್ಲವೆಂದರೆ ಅದಕ್ಕೂ ನಮ್ಮಲ್ಲಿ ಪದ್ಧತಿಯಿದೆ. ನಾಳೆಯಿಂದ ಮಂಚಮ್ಮ ನಾಗೇಂದ್ರನ ಲೋಟವನ್ನು ತಮ್ಮ ಹೆಸರಿಗೆ ಇಡುತ್ತಾಳೆ. ಅದು ಉಳಿದರೆ ನಾವು ಮನೆಗೆ ಬರಲೇಬೇಕು. ನಾನು, ಆ ಮೂವರು, ಮಡಿಲಲ್ಲಿ ಪೇಟ ಇಟ್ಟುಕೊಂಡ ಒಬ್ಬ ಹೆಂಗಸು. ಬುದ್ಧಿ ಹೇಳುವುದಿಲ್ಲ, ಬೈಯುವುದಿಲ್ಲ. ತಮ್ಮ ಬಾಗಿಲಲ್ಲಿ ನಿಂತು, ತಾವು ಹೊರಗೆ ಬರುವ ತನಕ, ದಿನವೂ ಒಂದೇ ಮಾತು ಹೇಳುತ್ತೇವೆ.

ಟೀ ಆರ್ತದೆ, ಬನ್ನಿ.

ಇಂತಿ,
ಮೊದಲ ಶೀಟು ಮಾತ್ರೆಯನ್ನೂ ಕೊನೆಯ ಪಟ್ಟಿಯನ್ನೂ ತನ್ನ ಕೈಯಾರೆ ಕೊಟ್ಟ,
ತನ್ನ ಪೇಟವನ್ನು ಮಾತ್ರ ಮರುದಿನವೇ ನೀಟಾಗಿ ವಾಪಸ್ ಮಾಡಿದ,
ಚಂದ್ರಮೌಳಿ
ಔಷಧಿ ಅಂಗಡಿ, ಮಂಡಿ ಮೊಹಲ್ಲಾ, ಮೈಸೂರು